ಕಾರಿನ ಬಣ್ಣ ಉಳಿಸಲು ಫಿಲ್ಮ್ ಬೇಕೆ, ಸೆರಾಮಿಕ್ ಬೇಕೆ? ಕೊಡಗಿನ ಮಳೆ, ಕೆಸರಿಗೆ ಹೊಂದುವ ಉತ್ತರ

ಕಾರಿನ ಬಾನೆಟ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚುತ್ತಾರೆ, ಬಟ್ಟೆಯಲ್ಲಿ ಒರೆಸಿದರೆ ಗುರುತೇ ಇಲ್ಲ. ಲೈಟರ್ ಉರಿ ತಾಗಿಸುತ್ತಾರೆ, ಏನೂ ಆಗುವುದಿಲ್ಲ. ಕೊನೆಗೆ ‘9ಎಚ್ ಸೆರಾಮಿಕ್ ಕೋಟಿಂಗ್, ಇನ್ನು ಗೀರು ಬೀಳುವ ಮಾತೇ ಇಲ್ಲ’ ಎಂಬ ಸಾಲು. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು.

ವಿಡಿಯೊದಲ್ಲಿ ಕಾಣುವುದು ಸುಳ್ಳಲ್ಲ. ಅದರಿಂದ ತೆಗೆಯುವ ತೀರ್ಮಾನ ತಪ್ಪು. ಸೆರಾಮಿಕ್ ಪದರಕ್ಕೆ ಶಾಯಿ, ಕೊಳೆ, ನೀರು ಸುಲಭವಾಗಿ ಅಂಟುವುದಿಲ್ಲ. ಮಾರ್ಕರ್ ಗುರುತು ಹೋಗುವುದು ಅದಕ್ಕೇ. ಅಂಟದಿರುವುದು ಬೇರೆ, ಗೀರು ಬೀಳದಿರುವುದು ಬೇರೆ. ಉರಿಯ ವಿಷಯವೂ ಅಷ್ಟೆ. ಕೋಟಿಂಗ್ ಇಲ್ಲದ ಕಂಪನಿ ಪೇಂಟ್ ಕೂಡ ಲೈಟರಿನ ಕ್ಷಣಕಾಲದ ಉರಿಯನ್ನು ತಡೆದುಕೊಳ್ಳುತ್ತದೆ. (ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ.)

‘9ಎಚ್’ ಎಂದರೆ ಏನು?

ಇದು ಪೆನ್ಸಿಲಿನ ಲೆಕ್ಕ. ಚಿತ್ರ ಬಿಡಿಸುವ ಪೆನ್ಸಿಲ್‌ಗಳಲ್ಲಿ ಎಚ್‌ಬಿ, 2ಎಚ್, 4ಎಚ್ ಎಂದು ಇರುತ್ತದಲ್ಲ, ಆ ಸಾಲಿನ ತೀರ ಗಟ್ಟಿ ಪೆನ್ಸಿಲ್ 9ಎಚ್. ಅದನ್ನು 45 ಡಿಗ್ರಿ ಓರೆಯಾಗಿ ಹಿಡಿದು ಪದರದ ಮೇಲೆ ಒತ್ತಿ ತಳ್ಳುತ್ತಾರೆ. ಗೀರು ಬೀಳದಿದ್ದರೆ ಆ ಪದರ ‘9ಎಚ್’.

ಅನೇಕರು ಇದನ್ನು ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದ 9 ಎಂದುಕೊಳ್ಳುತ್ತಾರೆ. ಆ ಮಾಪಕದಲ್ಲಿ 9 ಎಂದರೆ ಮಾಣಿಕ್ಯ, ನೀಲಮಣಿಗಳ ಗಡಸುತನ, ವಜ್ರ 10. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ನಮ್ಮ ರಸ್ತೆಯ ಮರಳಿನಲ್ಲಿರುವ ಬೆಣಚುಕಲ್ಲಿನ ಗಡಸುತನ ಅದೇ ಮೋಸ್ ಮಾಪಕದಲ್ಲಿ 7. ಕೆಸರು ಮೆತ್ತಿದ ಕಾರನ್ನು ಒಣಬಟ್ಟೆಯಲ್ಲಿ ಉಜ್ಜಿದರೆ 9ಎಚ್ ಕೋಟಿಂಗ್ ಮೇಲೂ ಗೀರು ಬೀಳುತ್ತದೆ.

ಎರಡರ ವ್ಯತ್ಯಾಸ ದಪ್ಪದಲ್ಲಿದೆ

ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದರ ಮೇಲೆ ಹಚ್ಚುವ ಸೆರಾಮಿಕ್ ಪದರ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಮಾತ್ರ. ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳು.

ಪಿಪಿಎಫ್ ಎಂದು ಕರೆಯುವ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಸುಮಾರು 150ರಿಂದ 200 ಮೈಕ್ರಾನ್ ದಪ್ಪ. ಒಳ್ಳೆಯ ಫಿಲ್ಮನ್ನು ಟಿಪಿಯು ಎಂಬ ರಬ್ಬರಿನಂತೆ ಎಳೆದಾಡುವ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಕಲ್ಲು ಬಡಿದಾಗ ಅದು ತುಸು ತಗ್ಗಿ ಏಟನ್ನು ಹೀರಿಕೊಳ್ಳುತ್ತದೆ. ಹೆಲಿಕಾಪ್ಟರ್ ರೆಕ್ಕೆಗಳ ಅಂಚು ಮರಳಿಗೆ ಸವೆಯದಂತೆ ಅಂಟಿಸುತ್ತಿದ್ದ ಪಾಲಿಯುರೆಥೇನ್ ಫಿಲ್ಮೇ ಇದರ ಪೂರ್ವಜ.

‘ಗೀರು ತಾನಾಗಿ ಮಾಯವಾಗುತ್ತದೆ’ ಎಂಬ ಮಾತು ಒಳ್ಳೆಯ ಫಿಲ್ಮ್ ಮಟ್ಟಿಗೆ ಅರ್ಧ ನಿಜ. ತೊಳೆಯುವಾಗ ಬೀಳುವ ಸಣ್ಣ ಗೀರುಗಳು ಬಿಸಿಲಿಗೆ ಅಥವಾ ಬಿಸಿನೀರಿಗೆ ಮುಚ್ಚಿಕೊಳ್ಳುತ್ತವೆ. ಕೀಲಿಯಿಂದ ಕೊಯ್ದ ಗಾಯ ಮುಚ್ಚುವುದಿಲ್ಲ.

ಕೊಡಗಿನಲ್ಲಿ ಬಣ್ಣ ಕೆಡಿಸುವುದು ಯಾವುದು?

ಆಯ್ಕೆ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

*ಕಲ್ಲು.* ಮೈಸೂರು–ಕುಶಾಲನಗರ–ಮಡಿಕೇರಿ–ಸಂಪಾಜೆ ಹೆದ್ದಾರಿಯಲ್ಲಿ ಲಾರಿ, ಟಿಪ್ಪರ್ ಹಿಂದೆ ಹೋಗುವಾಗ ಜಲ್ಲಿ ಸಿಡಿದು ಬಾನೆಟ್‌ನ ಮುಂಭಾಗ, ಬಂಪರ್‌ಗೆ ಬಡಿಯುತ್ತದೆ. ಇದನ್ನು ತಡೆಯುವುದು ಫಿಲ್ಮ್ ಮಾತ್ರ. ಒಂದೆರಡು ಮೈಕ್ರಾನ್ ಸೆರಾಮಿಕ್ ಇಲ್ಲಿ ಲೆಕ್ಕಕ್ಕಿಲ್ಲ.

*ತೋಟದ ದಾರಿ.* ಎರಡೂ ಬದಿಯ ಬೇಲಿ, ಲಂಟಾನ, ಕಾಫಿ ಗಿಡದ ರೆಂಬೆ ಬಾಗಿಲಿಗೂ ಕನ್ನಡಿಗೂ ಸವರುತ್ತವೆ. ಇಲ್ಲಿಯೂ ಫಿಲ್ಮ್ ಮೇಲು.

*ಹಕ್ಕಿ ಹಿಕ್ಕೆ, ಮರದ ಅಂಟು.* ನೆರಳು ಮರದ ಕೆಳಗೆ ನಿಲ್ಲಿಸಿದ ಕಾರಿಗೆ ಇದು ನಿತ್ಯದ ಪಾಡು. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಒಣಗಿದರೆ ಕ್ಲಿಯರ್ ಕೋಟ್ ಮೇಲೆ ಕಲೆ ಕೊರೆಯುತ್ತದೆ. ಸೆರಾಮಿಕ್ ಇದ್ದರೆ ಒರೆಸುವುದು ಸುಲಭ, ಸ್ವಲ್ಪ ಸಮಯವೂ ಸಿಗುತ್ತದೆ. ಆದರೆ ನಾಲ್ಕು ದಿನ ಹಾಗೇ ಬಿಟ್ಟರೆ ಸೆರಾಮಿಕ್ ಮೇಲೂ, ಫಿಲ್ಮ್ ಮೇಲೂ ಕಲೆ ಉಳಿಯಬಹುದು.

*ಮಳೆ, ಕೆಸರು.* ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಸೆರಾಮಿಕ್ ಹಚ್ಚಿದ ಕಾರಿಗೂ ಕೆಸರು ಹಾರುತ್ತದೆ, ಆದರೆ ನೀರು ಬಿಟ್ಟಾಗ ಬೇಗ ಬಿಡುತ್ತದೆ. ‘ತೊಳೆಯುವುದೇ ಬೇಡ’ ಎಂಬುದು ಸುಳ್ಳು. ಬೋರ್‌ವೆಲ್ ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ, ಮುತ್ತಿನಂತೆ ನಿಂತ ಹನಿ ಆರಿ ಅದರಲ್ಲಿದ್ದ ಖನಿಜ ಬಿಳಿ ಚುಕ್ಕೆಯಾಗಿ ಕೂರುತ್ತದೆ.

*ತುಕ್ಕು.* ಇದಕ್ಕೆ ಎರಡೂ ಮದ್ದಲ್ಲ. ತುಕ್ಕು ಹೆಚ್ಚಾಗಿ ಶುರುವಾಗುವುದು ಕಾರಿನ ಅಡಿಭಾಗ, ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚಿನಲ್ಲಿ. ಅಲ್ಲಿ ಮೆತ್ತಿದ ಕೆಸರು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ನೀರು ಹರಿದುಹೋಗುವ ತೂತುಗಳನ್ನು ತರಗೆಲೆ ಮುಚ್ಚುತ್ತದೆ. ಮೇಲೆ ಹೊಳಪಿಗೆ ಸಾವಿರಾರು ರೂಪಾಯಿ ಸುರಿದು, ಅಡಿಯ ಕೆಸರನ್ನು ಮರೆತರೆ ಕಾರು ಕೆಳಗಿನಿಂದ ಹಾಳಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಹೊಸ ಕಾರು, ವಾರಕ್ಕೆ ನಾಲ್ಕು ಸಲ ಹೆದ್ದಾರಿ ಓಡಾಟ: ಇಡೀ ಕಾರಿಗೆ ಫಿಲ್ಮ್ ಬೇಕಿಲ್ಲ. ಬಾನೆಟ್‌ನ ಮುಂಭಾಗ, ಬಂಪರ್, ಕನ್ನಡಿ, ಬಾಗಿಲ ಅಂಚು, ಚಕ್ರದ ಹಿಂದಿನ ಕೆಳಭಾಗಕ್ಕೆ ಹಾಕಿಸಿದರೆ ಕಲ್ಲೇಟಿನ ಬಹುಪಾಲು ತಪ್ಪುತ್ತದೆ. ಉಳಿದ ಕಡೆ ಸೆರಾಮಿಕ್ ಅಥವಾ ವ್ಯಾಕ್ಸ್ ಸಾಕು.

ಪೇಟೆಯಲ್ಲಿ ಮಾತ್ರ ಓಡುವ, ಶೆಡ್ಡಿನಲ್ಲಿ ನಿಲ್ಲುವ ಕಾರು: ಸೆರಾಮಿಕ್ ಸಾಕು, ವ್ಯಾಕ್ಸ್ ಆದರೂ ನಡೆಯುತ್ತದೆ.

ತೋಟದ ಜೀಪು, ಪಿಕಪ್, ಹಳೆಯ ಕಾರು: ಎರಡೂ ಬೇಡ. ಆ ಹಣದಲ್ಲಿ ಅಡಿಭಾಗಕ್ಕೆ ತುಕ್ಕು ನಿರೋಧಕ ಹೊಡೆಸಿ, ಮಳೆಗಾಲದಲ್ಲಿ ಅಡಿಯಿಂದ ನೀರು ಹಾಯಿಸಿ ತೊಳೆಸಿ. ಬಣ್ಣ ಎದ್ದು ತಗಡು ಕಾಣುವ ಕಡೆ ತಡಮಾಡದೆ ಟಚ್‌ಅಪ್ ಪೇಂಟ್ ಹಚ್ಚಿ.

ಹಾಕಿಸುವ ಕಾಲವೂ ಮುಖ್ಯ

ಸೆರಾಮಿಕ್ ಗಟ್ಟಿಯಾಗುವ ಮೊದಲ ಗಂಟೆಗಳಲ್ಲಿ ನೀರಿನ ಹನಿ ಬಿದ್ದರೆ ಗುರುತು ಉಳಿಯಬಹುದು. ಫಿಲ್ಮಿನ ಅಂಚು ಸರಿಯಾಗಿ ಕಚ್ಚಿಕೊಳ್ಳಲೂ ಕೆಲವು ಒಣ ದಿನ ಬೇಕು. ಎದ್ದ ಅಂಚಿನೊಳಗೆ ಕೆಸರು, ಪಾಚಿ ಸೇರಿದರೆ ಕಪ್ಪು ಗೆರೆ ಕಾಣುತ್ತದೆ. ಆದ್ದರಿಂದ ಕಕ್ಕಡದ ಜಡಿಮಳೆಯಲ್ಲಿ ಈ ಕೆಲಸ ಬೇಡ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿಕೊಳ್ಳಿ. ಹೊಸದಾಗಿ ಪೇಂಟ್ ಹೊಡೆಸಿದ ಭಾಗವಿದ್ದರೆ ಬಣ್ಣ ಪೂರ್ತಿ ಒಣಗಲು ಕೆಲವು ವಾರ ಬಿಡಿ. ಇಲ್ಲವಾದರೆ ಮುಂದೆ ಫಿಲ್ಮ್ ತೆಗೆಯುವಾಗ ಬಣ್ಣವೂ ಕಿತ್ತು ಬರಬಹುದು.

ಹಣ ಕೊಡುವ ಮೊದಲು ಅಂಗಡಿಯಲ್ಲಿ ಕೇಳಿ

• ಫಿಲ್ಮ್ ಟಿಪಿಯುವೋ, ಪಿವಿಸಿಯೋ? ಅಗ್ಗದ ಪಿವಿಸಿ ಬೇಗ ಹಳದಿಯಾಗುತ್ತದೆ, ಬಿರುಸಾಗುತ್ತದೆ. ಟಿಪಿಎಚ್ ಎಂದು ಮಾರುವುದೂ ಪಿವಿಸಿ ಬೆರೆತದ್ದೇ.
• ಒಂದು ತುಂಡು ಕೊಡಿ ಎನ್ನಿ. ಬ್ರಷ್‌ನಿಂದ ಸಣ್ಣಗೆ ಉಜ್ಜಿ, ಬಿಸಿನೀರು ಹಾಕಿ. ಗೀರು ಮುಚ್ಚುತ್ತದೆಯೇ ನೋಡಿ.
• ‘ಐದು ವರ್ಷ ವಾರಂಟಿ’ ಬರಹದಲ್ಲಿದೆಯೇ? ಹಕ್ಕಿ ಹಿಕ್ಕೆಯ ಕಲೆ, ಅಂಚು ಏಳುವುದು ಅದರಲ್ಲಿ ಸೇರಿದೆಯೇ? ಪ್ರತಿ ವರ್ಷ ಹಣ ಕೊಟ್ಟು ಸರ್ವಿಸ್ ಮಾಡಿಸುವ ಷರತ್ತಿದೆಯೇ?

‘ಕಾರಿಗೆ ಫಿಲ್ಮ್ ಹಾಕಿದರೆ ಕೇಸು’ ಎಂಬ ಫಾರ್ವರ್ಡ್ ಕೂಡ ಸುತ್ತುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದ್ದು ಕಿಟಕಿ ಗಾಜಿನ ಕಪ್ಪು ಫಿಲ್ಮ್ ಬಗ್ಗೆ. ಬಣ್ಣದ ಮೇಲಿನ ಪಾರದರ್ಶಕ ಫಿಲ್ಮಿಗೂ ಅದಕ್ಕೂ ಸಂಬಂಧವಿಲ್ಲ. ಕಾರಿನ ಬಣ್ಣವನ್ನೇ ಬದಲಿಸುವ ಫಿಲ್ಮ್ ಹಾಕಿಸಿದರೆ ಮಾತ್ರ ಆರ್‌ಸಿಯಲ್ಲಿ ಬಣ್ಣ ತಿದ್ದಿಸಬೇಕು.

ಒಟ್ಟಿನಲ್ಲಿ, ಕಲ್ಲು ಮತ್ತು ಮುಳ್ಳಿಗೆ ಫಿಲ್ಮ್. ಕೊಳೆ ಸುಲಭವಾಗಿ ಬಿಡಲು ಸೆರಾಮಿಕ್. ತುಕ್ಕಿಗೆ ನೀರು, ಬ್ರಷ್ ಮತ್ತು ನಿಮ್ಮ ಕಣ್ಣು. ಮಾರ್ಕರ್ ಒರೆಸುವ ವಿಡಿಯೊ ಮತ್ತೆ ಬಂದರೆ ಕೆಳಗೆ ಇಷ್ಟು ಬರೆದು ಕಳಿಸಿ: ‘ಇದರ ಮೇಲೆ ಜಲ್ಲಿಕಲ್ಲು ಎಸೆದು ತೋರಿಸಿ.’