ನವಸಾಗರ ಮತ್ತು ಕಳೆದುಹೋದ ಒಂದು ಅಂಕ



"ಲೋಹವೂ ಅಲೋಹವೂ ಸೇರಿದರೆ ಅಯಾನಿಕ ಬಂಧ, ಎರಡೂ ಅಲೋಹಗಳಾದರೆ ಸಹವೇಲೆನ್ಸೀಯ ಬಂಧ." ಔರಾದ, ಭಾಲ್ಕಿ, ಬೀದರಗಳಲ್ಲಿ ನನ್ನ ಪಾಠ ಕೇಳಿದವರು ಈ ಸೂತ್ರವನ್ನು ನಿದ್ದೆಯಲ್ಲಿಯೂ ಹೇಳಬಲ್ಲರು. ಮೊನ್ನೆ ಮೊಮ್ಮಗಳ ಗೈಡಿನಲ್ಲಿ ಅದೇ ವಾಕ್ಯ ದಪ್ಪಕ್ಷರಗಳಲ್ಲಿ ಅಚ್ಚಾಗಿರುವುದನ್ನು ಕಂಡು ಸಿಟ್ಟು ಬಂದಿತು. ಆ ಸಿಟ್ಟಿನಲ್ಲಿ ಅರ್ಧಪಾಲು ನನ್ನ ಮೇಲೆಯೇ.

ಬೀದರದಲ್ಲಿ ಬಿದರಿ ಕೆಲಸದವರ ಮನೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿದ ಪಾತ್ರೆಯನ್ನು ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಹಾಕುತ್ತಾರಲ್ಲವೇ? ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ನವಸಾಗರವೇ ಅಮೋನಿಯಂ ಕ್ಲೋರೈಡ್. ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್, ಮೂರೂ ಅಲೋಹಗಳೇ. ಹುಡುಗ ಉತ್ತರಪತ್ರಿಕೆಯಲ್ಲಿ ಅದನ್ನು ಅಯಾನಿಕ ಎಂದು ಬರೆದಿದ್ದ. ನಾನು ಕೆಂಪು ಗೀಟು ಎಳೆದು ಒಂದು ಅಂಕ ಕಳೆದೆ.

"ಸರ್, ಅದರ ನೀರಿನಲ್ಲಿಯೂ ಬಲ್ಬು ಹೊತ್ತಿತಲ್ಲ?" ಎಂದ. "ಪುಸ್ತಕದಲ್ಲಿ ಇದ್ದಷ್ಟು ಬರಿ" ಎಂದೆ.

ಅವನೇ ಸರಿ. ನೈಟ್ರೋಜನ್ನು ನಾಲ್ಕು ಹೈಡ್ರೋಜನ್ನುಗಳೊಂದಿಗೆ ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡಿದೆ. ಅಲ್ಲಿರುವುದು ಸಹವೇಲೆನ್ಸೀಯ ಬಂಧ. ಆ ಇಡೀ ಗುಂಪು ಧನ ಆವೇಶ ಹೊತ್ತು ಋಣ ಆವೇಶದ ಕ್ಲೋರೈಡನ್ನು ಹಿಡಿದಿರುವುದು ಅಯಾನಿಕ ಬಂಧದಿಂದ. ಒಂದೇ ಹರಳಿನಲ್ಲಿ ಎರಡೂ ಬಂಧಗಳು! ಇನ್ನು ತವರ ಲೋಹವೇ ಸರಿ. ಆದರೆ ಅದರ ಟೆಟ್ರಾಕ್ಲೋರೈಡ್ ಸಾಮಾನ್ಯ ಉಷ್ಣತೆಯಲ್ಲಿ ದ್ರವ, ಸಹವೇಲೆನ್ಸೀಯ. ಅಡಿಗೆ ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕೆಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ.

"ಪರೀಕ್ಷೆಗೆ ಇಷ್ಟು ಸಾಕು, ಹಳ್ಳಿಯ ಮಕ್ಕಳನ್ನು ಗೊಂದಲಕ್ಕೆ ಕೆಡವಬೇಡಿ" ಎನ್ನುವ ಸಹೋದ್ಯೋಗಿಗಳಿದ್ದರು, ಈಗಲೂ ಇದ್ದಾರೆ. ಹಳ್ಳಿಯ ಮಕ್ಕಳಿಗೆ ಅರ್ಧ ಸತ್ಯ ಸಾಕೆಂದು ತೀರ್ಮಾನಿಸಿದವರು ಯಾರು? ಬಲ್ಬಿನ ಪ್ರಯೋಗವೂ ಒಂಟಿಯಾಗಿ ಸಾಲದು. ಹೈಡ್ರೋಜನ್ ಕ್ಲೋರೈಡ್ ಸಹವೇಲೆನ್ಸೀಯ ಅನಿಲವಾದರೂ ನೀರಿಗೆ ಬಿದ್ದೊಡನೆ ಅಯಾನುಗಳಾಗಿ ವಿದ್ಯುತ್ತನ್ನು ಹರಿಸುತ್ತದೆ. ಕೇಳಬೇಕಾದ ಪ್ರಶ್ನೆ, ಎಲೆಕ್ಟ್ರಾನ್ ಕೈಬದಲಾಯಿತೇ, ಹಂಚಿಕೆಯಾಯಿತೇ ಎಂಬುದು. ಹಂಚಿಕೆಯ ಮಾತನ್ನು ಗಿಲ್ಬರ್ಟ್ ಲೂಯಿಸ್ 1916ರಲ್ಲಿಯೇ ಹೇಳಿದ್ದ. ನಮ್ಮ ಗೈಡುಗಳಿಗೆ ಅದು ಇನ್ನೂ ತಲುಪಿಲ್ಲ. ಸೂತ್ರವನ್ನು ಕಲಿಸಲಿ, ಅದು ಮುರಿಯುವ ಜಾಗವನ್ನೂ ಅದೇ ದಿನ ತೋರಿಸಲಿ.

ಆ ಹುಡುಗ ಈಗ ನಡುವಯಸ್ಕ. ಇದನ್ನು ಓದುತ್ತಿದ್ದರೆ ಮನೆಗೆ ಬಾ ಅಪ್ಪಾ, ಆ ಒಂದು ಅಂಕ ನನ್ನ ಬಳಿಯೇ ಇದೆ.