ಚೌಕಾಬಾರ ಬೇರೆ, ಅಂದರ್ ಬಾಹರ್ ಬೇರೆ

ಬೆಂಗಳೂರಿನಿಂದ ಬಂಗಾರಪೇಟೆ ಕಡೆ ಬರುವ ಸಂಜೆ ರೈಲು. ಮಾಲೂರಿನಲ್ಲಿ ಇಳಿಯುವ ಮೂವರು ಹುಡುಗರು ಬಾಗಿಲ ಹತ್ತಿರ ನಿಂತು ಜಗಳಕ್ಕೆ ಬಿದ್ದಿದ್ದರು. ರಾಜಕೀಯದ ಜಗಳ ಅಲ್ಲ. ಟೆಕ್ಕೆನ್ 6 ಮೇಲೋ, ಗಾಡ್ ಆಫ್ ವಾರ್ ಮೇಲೋ ಅಂತ. ಮೂರನೆಯವನದು ಒಂದೇ ಹಠ: "ಕಾಂಟ್ರಾ ಮುಂದೆ ಎಲ್ಲಾ ವೇಸ್ಟು ಮಗಾ."

ಎದುರು ಕೂತಿದ್ದ ಹಿರಿಯರೊಬ್ಬರು ತಡೆಯಲಾರದೆ, "ಏನ್ರಪ್ಪಾ, ದುಡಿದ ದುಡ್ಡೆಲ್ಲಾ ಈ ಗೇಮಿಗೆ ಹಾಕಿ ಮನೆ ಹಾಳು ಮಾಡ್ಕೋಬೇಡ್ರಿ" ಅಂದರು. ಹುಡುಗ ಫೋನ್ ತಿರುಗಿಸಿ ತೋರಿಸಿದ: "ಅಂಕಲ್, ಇದಕ್ಕೆ ನೆಟ್ಟೇ ಬೇಡ. ದುಡ್ಡು ಎಲ್ಲಿಂದ ಹೋಗುತ್ತೆ?" ಹಿರಿಯರು ನಂಬಲಿಲ್ಲ.

ತಪ್ಪು ಅವರದಲ್ಲ, ನಮ್ಮದು. ಸುದ್ದಿ ಬರೆಯುವ ನಮ್ಮದು. ರಮ್ಮಿ ಆ್ಯಪ್‌ನಲ್ಲಿ ಸಾಲ ಮಾಡಿಕೊಂಡವನ ಸುದ್ದಿ ಕಳಿಸುವಾಗ ನಾವೇ 'ಮೊಬೈಲ್ ಗೇಮ್ ಹುಚ್ಚು' ಅಂತ ತಲೆಬರಹ ಕೊಟ್ಟಿದ್ದೇವೆ. ಒಂದಲ್ಲ, ಹಲವು ಸಲ. ಜೂಜು ಅಂತ ಬರೆಯಬೇಕಾದ ಕಡೆ ಗೇಮ್ ಅಂತ ಬರೆದೆವು. ಓದಿದವರು ಮಕ್ಕಳ ಕೈಯಿಂದ ಫೋನ್ ಕಿತ್ತುಕೊಂಡರು. ಜೂಜು ಮಾತ್ರ ನಿಲ್ಲಲಿಲ್ಲ.

ಮುಳಬಾಗಿಲು ಕಡೆಯ ಒಂದು ಮನೆಯಲ್ಲಿ ಕಣ್ಣಾರೆ ಕಂಡದ್ದು ಇದು. ಕೋಲಾರದ ಮಂಡಿಗೆ ಟೊಮೆಟೊ ಹಾಕಿ ತಂದ ದುಡ್ಡನ್ನು ದೊಡ್ಡ ಮಗ ಇಸ್ಪೀಟು ಆ್ಯಪ್‌ಗೆ ಸುರಿದ. ಅಪ್ಪ ಸಿಟ್ಟಿನಲ್ಲಿ ಒಡೆದು ಹಾಕಿದ್ದು ಚಿಕ್ಕವನ ಫೋನು. ಅವನು ಆಡುತ್ತಿದ್ದದ್ದು ಮಾರಿಯೋ. ದೊಡ್ಡವನ ಫೋನು ಜೇಬಿನಲ್ಲೇ ಉಳಿಯಿತು.

ಚಿಕ್ಕವನ ಫೋನಿನಲ್ಲಿ ಇದ್ದದ್ದು ಎಮ್ಯುಲೇಟರ್. ಅಟ್ಟದ ಮೇಲೆ ಹಳೇ ಹಾಡಿನ ಕ್ಯಾಸೆಟ್ ಇದೆ, ಟೇಪ್‌ರೆಕಾರ್ಡರ್ ಕೆಟ್ಟು ಹೋಗಿದೆ ಅಂದುಕೊಳ್ಳಿ. ಆಗ ಮೊಬೈಲೇ ಟೇಪ್‌ರೆಕಾರ್ಡರ್ ಆಗಿ ನಿಂತರೆ ಹೇಗೆ? ಎಮ್ಯುಲೇಟರ್ ಮಾಡುವುದು ಅದೇ ಕೆಲಸ. ಹಳೇ ಗೇಮ್ ಮಷೀನಿನ ವೇಷ ಹಾಕಿಕೊಂಡು ಅದರ ಆಟ ಓಡಿಸುತ್ತದೆ. ಸೋನಿ ಕಂಪನಿಯ ಪಿಎಸ್‌ಪಿ ಬಂದದ್ದು 2004ರಲ್ಲಿ. ಅದರ ವೇಷ ಹಾಕುವ ಪಿಪಿಎಸ್‌ಎಸ್‌ಪಿಪಿ ಪ್ಲೇಸ್ಟೋರ್‌ನಲ್ಲೇ ಪುಕ್ಕಟೆ ಸಿಗುತ್ತದೆ, ಕಡಿಮೆ ಬೆಲೆಯ ಫೋನಿನಲ್ಲೂ ಓಡುತ್ತದೆ.

ಈಗ ಮೂವತ್ತು ದಾಟಿದ ನಮಗೆ ಈ ಆಟಗಳು ಹೊಸವಲ್ಲ. 1985ರ ಸೂಪರ್ ಮಾರಿಯೋ, 1987ರ ಕಾಂಟ್ರಾ ನಮಗೆ ಸಿಕ್ಕಿದ್ದು ಎಷ್ಟೋ ವರ್ಷ ತಡವಾಗಿ, ಸಂತೆಯಲ್ಲಿ ಕೊಂಡ ಟಿವಿ ಗೇಮಿನ ಕ್ಯಾಸೆಟ್‌ನಲ್ಲಿ. ಮೇಲೆ '9999 ಇನ್ 1' ಅಂತ ಬರೆದಿರುತ್ತಿತ್ತು, ಒಳಗೆ ಅದದೇ ಹತ್ತಿಪ್ಪತ್ತು ಆಟ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಬೇಸಿಗೆ ರಜೆಯಲ್ಲಿ ಶ್ರೀನಿವಾಸಪುರದ ಮಾವಿನ ತೋಪಿನ ಮನೆಗೆ ಹೋದಾಗ ಒಂದೇ ಟಿವಿ ಮುಂದೆ ಆರು ಜನ ಪಾಳಿ ಕಾಯುತ್ತಿದ್ದೆವು. ಯಾರೂ ಸಾಲಗಾರರಾಗಲಿಲ್ಲ.

ಇದರಲ್ಲಿ ಎಲ್ಲವೂ ಸರಿ ಅಂತ ನಾವು ಹೇಳುತ್ತಿಲ್ಲ. ಎಮ್ಯುಲೇಟರ್ ಆ್ಯಪ್ ತಪ್ಪಲ್ಲ, ಆದರೆ ಆಟದ ಫೈಲಿನ ಹಕ್ಕು ಕಂಪನಿಯದು. ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವುದು ಕಾನೂನಿಗೆ ಒಪ್ಪುವಂಥದ್ದಲ್ಲ. ಕಂಪನಿಗಳಿಗೆ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕೇ ಇಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಮಾರದೇ ಬಚ್ಚಿಟ್ಟರೆ ಹುಡುಗರು ಎಲ್ಲಿ ಕೊಳ್ಳಬೇಕು? ರಾತ್ರಿಯೆಲ್ಲಾ ಆಡಿ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುವುದೂ ನಿಜ. ಅದಕ್ಕೆ ಹೊತ್ತು ಗೊತ್ತು ಮಾಡಿ, ಬೈಯಿರಿ. ಆದರೆ ಜೂಜುಕೋರ ಅನ್ನಬೇಡಿ.

ನಮ್ಮ ಊರುಗಳಿಗೆ ಈ ವ್ಯತ್ಯಾಸ ಮೊದಲಿಂದಲೂ ಗೊತ್ತಿತ್ತು. ಜಾತ್ರೆಯ ಹಿಂದೆ ಅಂದರ್ ಬಾಹರ್ ನಡೆಯುತ್ತದೆ ಅಂತ ಯಾವ ಅಜ್ಜಿಯೂ ಜಗಲಿಯ ಮೇಲಿನ ಚೌಕಾಬಾರದ ಮನೆ ಅಳಿಸಲಿಲ್ಲ.

ಕಾನೂನಿಗೂ ಈಗ ಗೊತ್ತಾಗಿದೆ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸು ಮಾಡಿತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಹಣ ಕಟ್ಟದ ಆಟಗಳನ್ನು ಬೇರೆಯಾಗಿ ಇಟ್ಟಿದೆ. ದೆಹಲಿಗೆ ಗೊತ್ತಾದದ್ದು ನಮ್ಮ ತಲೆಬರಹಕ್ಕೆ ಇನ್ನೂ ಗೊತ್ತಾಗಿಲ್ಲ.

ಮಕ್ಕಳ ಫೋನ್ ನೋಡುವ ಅಪ್ಪ ಅಮ್ಮಂದಿರು ಮೂರು ಪ್ರಶ್ನೆ ಕೇಳಿ. ಆಡಲು ದುಡ್ಡು ಕಟ್ಟಬೇಕಾ? ಗೆದ್ದರೆ ದುಡ್ಡು ಬರುತ್ತೆ ಅನ್ನುತ್ತಾ? ಮೆಸೇಜ್ ಓದಲು ಅನುಮತಿ ಕೇಳುತ್ತಾ? ಒಂದಕ್ಕೆ ಹೌದು ಅಂತ ಬಂದರೂ ತೆಗೆದು ಹಾಕಿಸಿ. ಮೂರಕ್ಕೂ ಇಲ್ಲ ಅಂದರೆ ಪಕ್ಕ ಕೂತು ಒಂದು ಕೈ ನೋಡಿ.

ಹುಡುಗರಿಗೂ ಒಂದು ಮಾತು. 'ಸಾವಿರ ಆಟದ ಎಮ್ಯುಲೇಟರ್' ಅಂತ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಮುಟ್ಟಬೇಡಿ. ಹಳೇ ಆಟ ಓಡಿಸಲು ಯಾವ ಆ್ಯಪ್‌ಗೂ ನಿಮ್ಮ ಒಟಿಪಿ ಬೇಕಿಲ್ಲ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಅಪ್ಪ ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಇನ್ನು ನಾವು. ಇನ್ನು ಮುಂದೆ ಜೂಜನ್ನು ಜೂಜು ಅಂತಲೇ ಬರೆಯುತ್ತೇವೆ. ತಪ್ಪಿದರೆ ನೀವೇ ಫೋನ್ ಮಾಡಿ ಉಗಿಯಿರಿ.