ಉಗ್ರಾಣದ ಲೆಕ್ಕ ಕೇಳಿದವರಾರು?

ಮಡಿಕೇರಿಯ ಸನ್ನಿಸೈಡ್ ಜನರಲ್ ತಿಮ್ಮಯ್ಯನವರು ಬಾಲ್ಯ ಕಳೆದ ಮನೆ. ಈಗ ಮ್ಯೂಸಿಯಂ. ಅಲ್ಲಿಗೆ ಹೋಗಿದ್ದಾಗ, ಅಂಗಳದ ಟ್ಯಾಂಕಿನ ಪಕ್ಕ ಮೊಮ್ಮಗನನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದ ನಿವೃತ್ತ ಹವಾಲ್ದಾರರೊಬ್ಬರು ಮಾತಿಗೆ ಸಿಕ್ಕರು. ಮೊಬೈಲನ್ನು ಜೇಬಿಗಿಳಿಸುತ್ತ ಅವರೆಂದರು: "ಎರಡು ವರ್ಷ ಸೇನೇಲಿ ಇದ್ದು ಬಂದವ್ರಿಗೆ ಮಾತ್ರ ಮಂತ್ರಿ ಕುರ್ಚಿ ಅಂತ ಕಾನೂನು ಆಗ್ಬೇಕು ಸಾರ್. ಗುಂಡಿನ ಸದ್ದೇ ಕೇಳದವ್ರು ನಮ್ಮ ಹುಡುಗರನ್ನ ಗಡಿಗೆ ಕಳಿಸೋದು ಅಂದ್ರೇನು?"

ಆ ಮನೆಯ ಅಂಗಳದಲ್ಲಿ ನಿಂತು ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ತಲೆಯಾಡಿಸಿ ಬಂದೆ. ಬಸ್ಸು ಕುಶಾಲನಗರ ದಾಟುವ ಹೊತ್ತಿಗೆ ಆ ಒಪ್ಪಿಗೆ ಸಡಿಲವಾಗತೊಡಗಿತ್ತು.

1965ರ ಭಾರತ-ಪಾಕ್ ಯುದ್ಧವನ್ನೇ ನೋಡಿ. ಆ ಕಡೆ ಅಯೂಬ್ ಖಾನ್: ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತ ಆಜಾನುಬಾಹು, ಫೀಲ್ಡ್ ಮಾರ್ಷಲ್. ಈ ಕಡೆ ಧೋತಿಯುಟ್ಟ ಲಾಲ್ ಬಹದ್ದೂರ್ ಶಾಸ್ತ್ರಿ. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಂಬ್‌ ಕಡೆಯಿಂದ ಅಖ್ನೂರಿನತ್ತ ನುಗ್ಗಿದವು. ಐದೇ ದಿನಕ್ಕೆ, ಆರನೇ ತಾರೀಕು, ನಮ್ಮ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನ ದಾರಿ ಹಿಡಿದಿತ್ತು. ಶಾಸ್ತ್ರಿ ಅಷ್ಟು ದೂರ ಹೋದಾರೆಂದು ಆ ಫೀಲ್ಡ್ ಮಾರ್ಷಲ್ ಎಣಿಸಿರಲಿಲ್ಲ. 1971ರಲ್ಲೂ ಅದೇ ಕಥೆ. ಎರಡನೇ ಮಹಾಯುದ್ಧ ಕಂಡ ಜನರಲ್ ಯಾಹ್ಯಾ ಖಾನ್ ಒಂದು ಕಡೆ, ಎಂದೂ ಬಂದೂಕು ಹೊರದ ಇಂದಿರಾ ಗಾಂಧಿ ಇನ್ನೊಂದು ಕಡೆ. ಏಪ್ರಿಲ್ ಕೊನೆಯಲ್ಲಿ ಸಂಪುಟದ ಮುಂದೆ ಯುದ್ಧ ಈಗ ಬೇಡ, ಮಳೆಗಾಲ ಎದುರಿಗಿದೆ, ಹೊರಟರೆ ಸೋಲೇ ಗತಿ ಎಂದಿದ್ದಾಗಿ ಸೇನಾ ಮುಖ್ಯಸ್ಥ ಮಾಣೆಕ್ ಷಾ ಆಮೇಲೆ ಹೇಳಿಕೊಂಡರು. ಆ ಕಥೆಗೆ ಅವರು ಒಂದಿಷ್ಟು ಒಗ್ಗರಣೆ ಹಾಕಿದ್ದಾರೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಅದೇನೇ ಇರಲಿ, ಇಂದಿರಾ ಚಳಿಗಾಲದವರೆಗೆ ಕಾದದ್ದಂತೂ ನಿಜ. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಢಾಕಾದಲ್ಲಿ ಮುಗಿಯಿತು. 93 ಸಾವಿರ ಸೆರೆಯಾಳುಗಳು. 20ರಂದು ಯಾಹ್ಯಾ ಕುರ್ಚಿ ಬಿಟ್ಟರು.

ಹಾಗಾದರೆ ಚೀನಾದೆದುರು ಸೋತ 1962? ಹವಾಲ್ದಾರರು ಕೇಳಿದ್ದರೆ ಅದನ್ನೇ ಕೇಳುತ್ತಿದ್ದರು. ಅದಕ್ಕೆ ಉತ್ತರ ಅವರು ನಿಂತಿದ್ದ ಮನೆಯಲ್ಲೇ ಇದೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜತೆ ಏಗಲಾರದೆ ಆಗಿನ ಸೇನಾ ಮುಖ್ಯಸ್ಥ ತಿಮ್ಮಯ್ಯ 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಬರೆದರು. ನೆಹರೂ ಕರೆಸಿ, ಸಮಾಧಾನ ಹೇಳಿ, ವಾಪಸ್ ಪಡೆಸಿದರು. ಒಂದೆರಡು ದಿನಗಳಲ್ಲೇ ಸಂಸತ್ತಿನಲ್ಲಿ ಅವರನ್ನೇ ಟೀಕಿಸಿದರು. 1961ರಲ್ಲಿ ತಿಮ್ಮಯ್ಯ ನಿವೃತ್ತರಾದರು. ಮರುವರ್ಷ ಈಶಾನ್ಯದ ಗಡಿಯನ್ನು ವಹಿಸಿದ್ದು ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಕೈಗೆ. ಸಮವಸ್ತ್ರ ಅವರ ಮೈಮೇಲೂ ಇತ್ತು, ಇಲ್ಲದ್ದು ಯುದ್ಧದಲ್ಲಿ ಕಾಲಾಳು ಪಡೆ ನಡೆಸಿದ ಅನುಭವ. ಆ ಗಡಿಯ ನಮ್ಕಾ ಚುವಿನ ಎತ್ತರದಲ್ಲಿ ಕಾಯಿಲೆ ಬಿದ್ದು, ದೆಹಲಿಗೆ ಬಂದು, ಹಾಸಿಗೆಯಲ್ಲಿ ಮಲಗಿಕೊಂಡೇ ಆಜ್ಞೆ ಕೊಡುತ್ತಿದ್ದರು. ಚೀನೀಯರು ಬಂದದ್ದು ಅಕ್ಟೋಬರ್ 20ಕ್ಕೆ. ನೆಹರೂ ಸೈನಿಕರಾಗಿರಲಿಲ್ಲ ಎಂಬುದಲ್ಲ ನನ್ನ ದೂರು. ಆಗದು ಎಂದು ಮುಖಕ್ಕೆ ಹೇಳಬಲ್ಲ ಸೈನಿಕ ಮನೆ ಸೇರಿದ್ದ, ಆಗಲಿ ಎನ್ನುವವನು ಹತ್ತಿರ ಉಳಿದಿದ್ದ.

ಸೇನಾಪತಿ ಹೇಳಿದ್ದಕ್ಕೆ ಕಿವಿಗೊಟ್ಟರೆ ಮುಗಿಯಿತೇ? ಅದೂ ಅಲ್ಲ. ಇಲ್ಲಿ ಹವಾಲ್ದಾರರ ಮಾತಿಗೆ ತುಸು ಬಲ ಬರುತ್ತದೆ. 1965ರ ಸೆಪ್ಟೆಂಬರ್ ಮೂರನೇ ವಾರ, ಕದನವಿರಾಮದ ಒತ್ತಡ ಹೆಚ್ಚಿದ್ದಾಗ, ಇನ್ನಷ್ಟು ದಿನ ಕಾದಾಡಿದರೆ ದೊಡ್ಡ ಗೆಲುವೇನಾದರೂ ಸಿಕ್ಕೀತೇ ಎಂದು ಶಾಸ್ತ್ರಿ ಸೇನಾ ಮುಖ್ಯಸ್ಥ ಚೌಧುರಿಯವರನ್ನು ಕೇಳಿದರು. ಮುಂಚೂಣಿಯ ಮದ್ದುಗುಂಡು ಬಹುಪಾಲು ಖರ್ಚಾಗಿದೆ ಎಂಬ ಉತ್ತರ ಬಂತು. ಶಾಸ್ತ್ರಿ ನಂಬಿದರು, 23ಕ್ಕೆ ಗುಂಡಿನ ಸದ್ದು ನಿಂತಿತು. ಆಮೇಲೆ ಲೆಕ್ಕ ಹಾಕಿದರೆ ಖರ್ಚಾಗಿದ್ದು ಶೇ 14ರಷ್ಟು! ಅಕ್ಕಿ ಮುಗಿಯಿತು ಎಂದರೆ ನಮ್ಮಜ್ಜಿ ಎದ್ದುಹೋಗಿ ಪಣತದೊಳಗೆ ಕೈಹಾಕಿ ನೋಡುತ್ತಿದ್ದಳು. ಅಂಥದೊಂದು ಎರಡನೇ ಪ್ರಶ್ನೆ ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಶಾಸ್ತ್ರಿ ಸೇನೆಯಲ್ಲಿದ್ದಿದ್ದರೆ ಕೇಳುತ್ತಿದ್ದರೇನೋ. ಆದರೆ ತಪ್ಪು ಲೆಕ್ಕ ಒಪ್ಪಿಸಿದವರೂ ಜೀವಮಾನವೆಲ್ಲ ಸೇನೆಯಲ್ಲಿದ್ದವರೇ ತಾನೆ?

ಸೇನೆಯಲ್ಲಿರದೆಯೂ ನಮ್ಮಜ್ಜಿಯಂತೆ ಎದ್ದುಹೋಗಿ ನೋಡಿದ ಮಂತ್ರಿಯೂ ಇದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿ, ಬಿಟ್ಟು, ಮುಂಬೈಯಲ್ಲಿ ಕಾರ್ಮಿಕ ನಾಯಕರಾದವರು. ಕವಾಯತು ಕಲಿತವರಲ್ಲ. ರಕ್ಷಣಾ ಮಂತ್ರಿಯಾದ ಮೇಲೆ ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದರು. ಅಲ್ಲಿನ ಜವಾನರಿಗೆ ಹಿಮದ ಮೇಲೆ ಓಡುವ ಸ್ಕೂಟರ್ ಬೇಕಿತ್ತು. ಕಡತ ದೆಹಲಿಯ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ತಡ ಮಾಡಿದ ಅಧಿಕಾರಿಗಳ ಮೇಲೆ ಫರ್ನಾಂಡಿಸ್ ನೋಟಿಸು ಹೊರಡಿಸಲಿಲ್ಲ. ಸಿಯಾಚಿನ್‌ಗೇ ಹೋಗಿ, ಆ ಚಳಿಯಲ್ಲಿ ಇದ್ದು ನೋಡಿ ಬನ್ನಿ ಎಂದು ಆದೇಶ ಮಾಡಿದರು.